ಅಂತ್ಯಕ್ರಿಯೆ ಮುಗಿದ ಮೇಲಿನ ಕೆಲಸ

ಅಗ್ನಿಶಾಮಕರ ಸಂಘ ಅಂದ ಕೂಡಲೇ ಜನರಿಗೆ ನೆನಪಾಗುವುದು ಸಂಬಳ, ಮುಷ್ಕರ, ಘೋಷಣೆ. ಅದೆಲ್ಲ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬೆಂಕಿ ಆರಿಸುವ ಕೆಲಸದ ಜೊತೆಗೆ ಸಂಘದ ಕಲ್ಯಾಣ ಕಾರ್ಯದರ್ಶಿಯಾಗಿ ನಾನು ಮಾಡಿದ್ದು ಬಹುಪಾಲು ಬೇರೆಯದೇ ಕೆಲಸ. ಸತ್ತವರ ಮನೆಗೆ ಹೋಗುವುದು, ಅವರ ಕಾಗದಪತ್ರ ಸರಿಮಾಡುವುದು, ಬದುಕಿ ಬಂದವರ ಮೇಲೆ ಒಂದು ಕಣ್ಣಿಡುವುದು. ಆಮೇಲೆ ಅದೇ ಕಾಗದಗಳನ್ನು ಹಿಡಿದುಕೊಂಡು ಆಡಳಿತದವರ ಮುಂದೆ ಕೂರುವುದು. ಈ ಎರಡೂ ಬೇರೆ ಬೇರೆ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅಲ್ಲ. ಮೊದಲನೆಯದನ್ನು ನೆಟ್ಟಗೆ ಮಾಡದ ಸಂಘಕ್ಕೆ ಎರಡನೆಯದೂ ಕೈಗೆ ಹತ್ತುವುದಿಲ್ಲ.

ತಯಾರಿ ಮಾತ್ರ ದುರಂತಕ್ಕಿಂತ ಬಹಳ ಮೊದಲೇ ಆಗಿರಬೇಕು. ನಮ್ಮಲ್ಲಿ ಅದು ಒಂದು ಹಾಳೆಯಿಂದ ಶುರುವಾಯಿತು. ನನಗೇನಾದರೂ ಆದರೆ ಮೊದಲು ಯಾರಿಗೆ ಹೇಳಬೇಕು? ಅವರು ಹಗಲು ಎಲ್ಲಿರುತ್ತಾರೆ, ರಾತ್ರಿ ಎಲ್ಲಿ ಸಿಗುತ್ತಾರೆ? ಮನೆಯಲ್ಲಿ ಹೃದಯದ ತೊಂದರೆ ಇರುವವರು ಇದ್ದಾರಾ? ಮಕ್ಕಳನ್ನು ಶಾಲೆಯಿಂದ ಕರೆತರಲು ಯಾರನ್ನು ಕಳಿಸಬಹುದು? ಸುದ್ದಿ ಹೇಳಲು ನಮ್ಮವರಲ್ಲಿ ಯಾರು ಹೋಗಬೇಕು? ಹಾಳೆಯ ಕೊನೆಗೆ ಇನ್ನೊಂದು ಪ್ರಶ್ನೆ: ಯಾರು ಹೋಗಬಾರದು? ಇದನ್ನು ನೋಡಿ ಎಲ್ಲರೂ ನಕ್ಕರು. ಆದರೆ ಬರೆಯುವಾಗ ತುಂಬ ಹೊತ್ತು ಯೋಚಿಸಿದ್ದೂ ಇದಕ್ಕೇ. ಒಬ್ಬ ಹಿರಿಯರು ಒಂದು ಹೆಸರು ಬರೆದು, ಹೊಡೆದುಹಾಕಿ, ಮತ್ತೆ ಅದೇ ಹೆಸರು ಬರೆದರು.

ಸುಲಭವಾಗಿ ಯಾರೂ ತುಂಬಲಿಲ್ಲ. "ಸುಮ್ನೆ ಯಾಕಣ್ಣಾ ಅಪಶಕುನ" ಅಂತ ಜಾರಿಕೊಂಡವರೇ ಜಾಸ್ತಿ. ಆದೇಶ ಹೊರಡಿಸಿ ಎಂದರು ಕೆಲವರು, ನಾನು ಒಪ್ಪಲಿಲ್ಲ. ನನ್ನ ಹಾಳೆಯನ್ನು ಮೊದಲು ತುಂಬಿ, ಹಾಜರಿ ಮುಗಿದ ಮೇಲೆ ಎಲ್ಲರ ಮುಂದೆ ಜೋರಾಗಿ ಓದಿದೆ. ಯಾರು ಬರಬಾರದು ಎನ್ನುವುದನ್ನೂ ಬಿಡಲಿಲ್ಲ. ಅವತ್ತಿನಿಂದ ಹಾಳೆಗಳು ಬರತೊಡಗಿದವು. ಮುಚ್ಚಿದ ಲಕೋಟೆಯಲ್ಲಿ ಇಡುತ್ತೇವೆ, ಬೇಕಾಗುವ ತನಕ ಯಾರೂ ತೆರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆವು.

ಇದರ ಜೊತೆಗೇ ಎಲ್ಲರ ನಾಮಿನಿ ಹೆಸರುಗಳನ್ನು ತೆಗೆಸಿ ನೋಡಿದೆವು. ಕೆಲಸಕ್ಕೆ ಸೇರಿದ ದಿನ ಬರೆದ ಹೆಸರು ಹಾಗೇ ಉಳಿದಿರುತ್ತದೆ. ಆಮೇಲೆ ಮದುವೆ ಆಗಿರುತ್ತದೆ, ಮಕ್ಕಳಾಗಿರುತ್ತವೆ, ಕೆಲವರ ವಿಚ್ಛೇದನವೂ ಆಗಿರುತ್ತದೆ. ಇದನ್ನು ಸರಿಮಾಡದೆ ಬಿಟ್ಟರೆ ಸತ್ತವನ ತಾಯಿ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ನಿಲ್ಲಬೇಕಾಗುತ್ತದೆ. ಇಬ್ಬರ ಕಣ್ಣೀರೂ ನಿಜವೇ, ಮಧ್ಯದಲ್ಲಿ ಒಬ್ಬ ವಕೀಲ.

ಸುದ್ದಿ ಹೇಳಲು ಇಬ್ಬರು ಹೋಗಬೇಕು, ಸಮವಸ್ತ್ರದಲ್ಲೇ ಹೋಗಬೇಕು, ಒಳಗೆ ಕೂತ ಮೇಲೆ ಹೇಳಬೇಕು. ಸುತ್ತಿಬಳಸಬಾರದು. "ಸ್ವಲ್ಪ ಪೆಟ್ಟಾಗಿದೆ, ಬನ್ನಿ" ಎಂದು ಕರೆದುಕೊಂಡು ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಜ ಹೇಳುವುದನ್ನು ಕೆಲವರು ದಯೆ ಎಂದುಕೊಳ್ಳುತ್ತಾರೆ. ನನಗೆ ಅದು ಮೋಸ. ಆ ಮನೆಯವರು ಆ ದಾರಿಯನ್ನು ಕೊನೆಯವರೆಗೂ ಮರೆಯುವುದಿಲ್ಲ. ಹೇಳಿದ ಮೇಲೆ ಒಬ್ಬರು ಅಲ್ಲೇ ಉಳಿಯಬೇಕು. ಫೋನ್ ಎತ್ತಲು, ಬಾಗಿಲು ತೆಗೆಯಲು, ವಿಡಿಯೊ ಬೇಕೆಂದು ಬಂದವರನ್ನು ಹೊರಗೇ ನಿಲ್ಲಿಸಲು. ಈಗ ಫೋನಿಗೆ ಸುದ್ದಿ ನಮಗಿಂತ ಮೊದಲೇ ತಲುಪುತ್ತದೆ. ಅದಕ್ಕೇ ಕಂಟ್ರೋಲ್ ರೂಮಿನವರ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆವು: ಮನೆಯವರಿಗೆ ತಿಳಿಯುವವರೆಗೆ ವೈರ್‌ಲೆಸ್‌ನಲ್ಲಿ ಯಾರ ಹೆಸರೂ ಹೇಳುವುದಿಲ್ಲ.

ಮೊದಲ ವಾರ ಮನೆ ತುಂಬ ಜನ. ಗೌರವವಂದನೆ, ಹೂಮಾಲೆ, ದೊಡ್ಡವರ ಭಾಷಣ. ಆಗ ಸಂಘ ಹೆಚ್ಚೇನೂ ಮಾಡಬೇಕಾಗಿಲ್ಲ, ದಾರಿಗೆ ಅಡ್ಡ ನಿಲ್ಲದಿದ್ದರೆ ಸಾಕು. ಜನ ಕರಗಿದ ಮೇಲೆ ಶುರುವಾಗುವುದು ನಮ್ಮ ಕೆಲಸ. ತಿಂಗಳ ಸಂಬಳ ನಿಂತಿರುತ್ತದೆ, ಪರಿಹಾರ ಇನ್ನೂ ಬಂದಿರುವುದಿಲ್ಲ, ಬ್ಯಾಂಕ್ ಖಾತೆ ಸತ್ತವನ ಹೆಸರಿನಲ್ಲಿ ಮಾತ್ರ ಇರುತ್ತದೆ. ಈ ಸಂದಿಯಲ್ಲಿ ಮನೆ ನಡೆಯಲಿ ಎಂದು ನಿಧಿಯಿಂದ ಒಂದು ಮೊತ್ತವನ್ನು ಅರ್ಜಿ ಇಲ್ಲದೆ, ಸಭೆ ಇಲ್ಲದೆ ತಕ್ಷಣ ಕೊಡುವ ನಿಯಮ ಮಾಡಿದೆವು. ಲೆಕ್ಕ ಆಮೇಲೆ ನೋಡಿಕೊಳ್ಳೋಣ ಅಂತ. ಗುತ್ತಿಗೆಯ ಮೇಲೆ ಕೆಲಸ ಮಾಡುವವರಿಗೂ ಇದನ್ನು ಕೊಡಬೇಕೇ ಎಂದು ನಮ್ಮೊಳಗೇ ದೊಡ್ಡ ಜಗಳ ಆಯಿತು. ಚಂದಾ ಕಟ್ಟಿಲ್ಲವಲ್ಲ ಎಂದರು ಕೆಲವರು. ಒಂದೇ ಹೋಸ್ ಹಿಡಿದು ಒಳಗೆ ಹೋದವರಲ್ಲಿ ಅದೇನು ಭೇದ? ಕೊನೆಗೆ ಮತಕ್ಕೆ ಹಾಕಿ ಗೆದ್ದೆವು, ಆದರೆ ಕೂದಲೆಳೆಯಲ್ಲಿ.

ಮನೆಯವರ ಜೊತೆ ಓಡಾಡಲು ಸತ್ತವನ ಜೊತೆಗಾರನನ್ನೇ ಬಿಡುವುದು ಎಲ್ಲ ಕಡೆ ರೂಢಿ. ನಾನು ಅದನ್ನು ತಪ್ಪಿಸಿದೆ. ಅವನದೇ ದುಃಖ ಅವನಿಗೆ ಸಾಕಷ್ಟಿರುತ್ತದೆ, ಅದರ ಮೇಲೆ ಪಿಂಚಣಿ ಕಚೇರಿಯ ಸಾಲಿನಲ್ಲಿ ಯಾಕೆ ನಿಲ್ಲಿಸಬೇಕು? ಬೇರೆ ಠಾಣೆಯವರು, ಕಾಗದದ ಕೆಲಸ ಬಲ್ಲವರು, ಸಿಟ್ಟು ಬೇಗ ಬರದವರು ಈ ಕೆಲಸಕ್ಕೆ ಸರಿ.

ಬದುಕಿ ಬಂದವರ ವಿಷಯ ಇನ್ನೂ ನಾಜೂಕು. ಹಿಂದೆ ಒಂದು ಪದ್ಧತಿ ಇತ್ತು. ಘಟನೆ ನಡೆದ ಒಂದೆರಡು ದಿನದಲ್ಲೇ ಎಲ್ಲರನ್ನೂ ವೃತ್ತವಾಗಿ ಕೂರಿಸಿ, ಏನು ಕಂಡಿರಿ, ಏನನ್ನಿಸಿತು ಎಂದು ಒಬ್ಬೊಬ್ಬರಿಂದಲೂ ಹೇಳಿಸುವುದು. 1980ರ ದಶಕದಲ್ಲಿ ಇದು ತುರ್ತುಸೇವೆಗಳಲ್ಲಿ ಹಬ್ಬಿತು. ಆಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೀಗೆ ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಮುಂದೆ ಬರುವ ಮಾನಸಿಕ ಆಘಾತದ ಕಾಯಿಲೆ ತಪ್ಪುವುದಿಲ್ಲ ಎಂದು ಗೊತ್ತಾಯಿತು. ಕೆಲವರಿಗೆ ಕೆಡುಕೂ ಆಗಬಹುದು. ನಾವೂ ಬಲವಂತದ ಆ ಕೂಟವನ್ನು ಬಿಟ್ಟೆವು. ಅದರ ಬದಲು ಪ್ರತಿ ಪಾಳಿಯಲ್ಲೂ ಇಬ್ಬರಿಗೆ ತರಬೇತಿ ಕೊಡಿಸಿದೆವು. ಅವರ ಕೆಲಸ ಮೂರೇ: ಗಮನಿಸುವುದು, ಕೇಳಿಸಿಕೊಳ್ಳುವುದು, ಬೇಕಾದರೆ ವೈದ್ಯರ ತನಕ ಜೊತೆಯಲ್ಲಿ ಹೋಗುವುದು. ಬುದ್ಧಿಮಾತು ಹೇಳುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ.

ಯಾರನ್ನು ಗಮನಿಸಬೇಕು ಎನ್ನುವುದರಲ್ಲೇ ಎಡವಟ್ಟಾಗುವುದು ಜಾಸ್ತಿ. ಎಲ್ಲರ ಕಣ್ಣೂ ಒಳಗೆ ಹೋಗಿ ಬಂದವರ ಮೇಲಿರುತ್ತದೆ. ಹೊರಗೆ ಪಂಪಿನ ಹತ್ತಿರ ನಿಂತವನನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಒಬ್ಬ ಪಂಪ್ ಆಪರೇಟರ್ ಇದ್ದರು. ಒಳಗಿನವರ ಕೂಗು ರೇಡಿಯೊದಲ್ಲಿ ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ. ಆಮೇಲೆ ಪಾಳಿ ಶುರುವಾದ ಕೂಡಲೇ ಗಾಡಿ ತೊಳೆಯುತ್ತಿದ್ದರು, ಮತ್ತೆ ಪ್ರೆಶರ್ ಗೇಜಿನ ಗಾಜು ಒರೆಸುತ್ತಿದ್ದರು, ಮತ್ತೆ ವಾಲ್ವ್ ತಿರುಗಿಸಿ ನೋಡುತ್ತಿದ್ದರು. ಶಿಸ್ತಿನ ಮನುಷ್ಯ ಅಂತ ಅಧಿಕಾರಿಗಳು ಹೊಗಳಿದರು. ಪಾಳಿಯ ಹುಡುಗನೊಬ್ಬ ಬಂದು "ಅಣ್ಣಾ, ಅವರು ನೀರು ನಿಂತಿತ್ತಾ ಅಂತ ಗೇಜನ್ನೇ ಕೇಳ್ತಿದಾರೆ ಅನ್ನಿಸುತ್ತೆ" ಎಂದ. ಹುಡುಗ ಹೇಳಿದ್ದು ಸರಿಯಾಗಿತ್ತು. ಅವತ್ತಿನ ನೀರಿನ ಒತ್ತಡದ ದಾಖಲೆ ತರಿಸಿ ಅವರ ಕೈಗೆ ಕೊಟ್ಟೆ. ನೀರು ನಿಂತಿರಲಿಲ್ಲ. ಅದನ್ನು ಓದಿದ ಮೇಲಷ್ಟೇ ಅವರು ವೈದ್ಯರ ಹತ್ತಿರ ಬರಲು ಒಪ್ಪಿದ್ದು.

ಇಲ್ಲಿ ಗುಟ್ಟು ಕಾಯುವುದು ಎಲ್ಲಕ್ಕಿಂತ ಮುಖ್ಯ. ಯಾರು ವೈದ್ಯರ ಹತ್ತಿರ ಹೋದರು ಎಂಬುದು ಮೇಲಧಿಕಾರಿಗೆ ತಿಳಿಯಬಾರದು, ಬಡ್ತಿಯ ಫೈಲಿಗೆ ಸೇರಬಾರದು. ಬಿಲ್ಲನ್ನು ಸಂಘವೇ ಕಟ್ಟಿದ್ದರಿಂದ ಇದು ಸಾಧ್ಯವಾಯಿತು. ಇಲಾಖೆಯ ಮೂಲಕ ಹೋಗಿದ್ದರೆ ಒಬ್ಬರೂ ಬರುತ್ತಿರಲಿಲ್ಲ.

ಈಗ ತನಿಖೆಯ ಫೈಲಿನ ವಿಷಯಕ್ಕೆ ಬರುತ್ತೇನೆ. ಪ್ರತಿ ದೊಡ್ಡ ಸಾವಿನ ಮೇಲೂ ತನಿಖೆ ನಡೆಯುತ್ತದೆ, ವರದಿ ಬರುತ್ತದೆ, ಶಿಫಾರಸು ಬರುತ್ತದೆ. ಬಂದು ಕೂರುತ್ತದೆ. ನಾನು ಮಾಡಿದ್ದಿಷ್ಟೇ: ಶಿಫಾರಸುಗಳನ್ನೆಲ್ಲ ಒಂದು ಪಟ್ಟಿ ಮಾಡಿ, ಎದುರಿಗೆ ಯಾರು ಮಾಡಬೇಕು, ಯಾವಾಗ ಒಪ್ಪಿದರು, ಆಯಿತೇ ಎಂದು ಬರೆದು, ಆಡಳಿತದ ಜೊತೆಗಿನ ಪ್ರತಿ ಸಭೆಯಲ್ಲೂ ಮೊದಲಿನಿಂದ ಓದುತ್ತಿದ್ದೆ. ಬೇಜಾರಾಗುವಷ್ಟು ಓದುತ್ತಿದ್ದೆ. ಹೊಸ ಬೇಡಿಕೆ ಇಡುವುದಕ್ಕಿಂತ ಇದಕ್ಕೆ ಫಲ ಜಾಸ್ತಿ.

ಬೇರೆ ದೇಶಗಳ ಅನುಭವವನ್ನೂ ಓದಿಸುತ್ತಿದ್ದೆ. 1998ರ ಡಿಸೆಂಬರ್ 2ರಂದು ಆಸ್ಟ್ರೇಲಿಯಾದ ಲಿಂಟನ್ ಕಾಡ್ಗಿಚ್ಚಿನಲ್ಲಿ ಐವರು ಸ್ವಯಂಸೇವಕರು ನೀರು ತುಂಬಿಸಲು ಹೊರಟಿದ್ದಾಗ ಗಾಳಿಯ ದಿಕ್ಕು ಬದಲಾಗಿ ಗಾಡಿಯ ಸಮೇತ ಬೆಂಕಿಗೆ ಸಿಕ್ಕರು. ಮೇ 4ನ್ನು ಅಂತರರಾಷ್ಟ್ರೀಯ ಅಗ್ನಿಶಾಮಕರ ದಿನವಾಗಿ ಆಚರಿಸಲು ಕಾರಣವಾದದ್ದು ಈ ಸಾವುಗಳೇ. ಗಾಡಿಯ ನೀರನ್ನು ಪೂರ್ತಿ ಖಾಲಿ ಮಾಡಬೇಡಿ, ನಿಮ್ಮ ಜೀವಕ್ಕೆ ಅಂತ ಸ್ವಲ್ಪ ಉಳಿಸಿಕೊಳ್ಳಿ ಎಂದು ಹೊಸಬರಿಗೆ ಹೇಳುವಾಗ ಲಿಂಟನ್ನಿನ ಕಥೆ ಹೇಳಿದರೆ ಸಾಕು. 1999ರ ಡಿಸೆಂಬರ್ 3ರಂದು ಅಮೆರಿಕದ ವೂಸ್ಟರ್‌ನಲ್ಲಿ ಪಾಳುಬಿದ್ದ ಶೀತಲಗೃಹದಲ್ಲಿ ಆರು ಮಂದಿ ಸತ್ತರು. ಒಳಗೆ ಯಾರೋ ಇರಬಹುದು ಎಂದು ಹುಡುಕಲು ಹೋದ ಇಬ್ಬರು ದಾರಿ ತಪ್ಪಿದರು, ಅವರನ್ನು ಹುಡುಕಲು ಹೋದ ನಾಲ್ವರು ತಿರುಗಿ ಬರಲಿಲ್ಲ. ಹೊಗೆಯಲ್ಲೂ ಒಳಗಿರುವವರನ್ನು ತೋರಿಸುವ ಥರ್ಮಲ್ ಕ್ಯಾಮೆರಾ ದುಬಾರಿ ಎನ್ನುವವರಿಗೆ ಈ ಘಟನೆಯ ವರದಿಯನ್ನು ಕೊಡುತ್ತಿದ್ದೆ.

ಬೆಂಕಿಯಲ್ಲಿ ಸಾಯುವುದು ಕಣ್ಣಿಗೆ ಕಾಣುತ್ತದೆ. ಕ್ಯಾನ್ಸರ್ ಹಾಗಲ್ಲ, ವರ್ಷಗಳು ಕಳೆದ ಮೇಲೆ ಬರುತ್ತದೆ. ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂತ ಆಗ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೂ ಮೊದಲು "ತರಬಹುದು" ಎನ್ನುವ ಗುಂಪಿನಲ್ಲಿತ್ತು. ಮೂತ್ರಕೋಶದ ಕ್ಯಾನ್ಸರ್ ಮತ್ತು ಮೀಸೊಥೀಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಎರಡಕ್ಕೂ ಸಾಕಷ್ಟು ಸಾಕ್ಷ್ಯ ಇದೆ ಎಂದಿತು. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲೇ, ಆಸ್ಟ್ರೇಲಿಯಾದ ಸಂಸತ್ತು 2011ರಲ್ಲಿ ಕಾನೂನು ಮಾಡಿದ್ದವು: ಇಂತಿಷ್ಟು ವರ್ಷ ಸೇವೆ ಮಾಡಿದ ಅಗ್ನಿಶಾಮಕನಿಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಅದು ಕೆಲಸದಿಂದಲೇ ಬಂದಿತು ಎಂದು ಮೊದಲೇ ಒಪ್ಪಿಕೊಳ್ಳಬೇಕು, ಅಲ್ಲ ಎನ್ನುವವರೇ ಸಾಬೀತು ಮಾಡಬೇಕು. ಆ ಕಾನೂನುಗಳ ಹಿಂದೆಯೂ ಸಂಘಗಳ ವರ್ಷಗಟ್ಟಲೆ ಓಡಾಟ ಇತ್ತು. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ಸತ್ತ ಅಗ್ನಿಶಾಮಕರು 343. ಅಲ್ಲಿನ ಧೂಳು ಕುಡಿದು ಕಾಯಿಲೆ ಬಿದ್ದು ಸತ್ತ ಅಲ್ಲಿನ ಅಗ್ನಿಶಾಮಕ ಇಲಾಖೆಯವರ ಲೆಕ್ಕ 2023ರ ಸೆಪ್ಟೆಂಬರಿಗೆ ಅಷ್ಟನ್ನೇ ಮುಟ್ಟಿತು.

ಇದನ್ನೆಲ್ಲ ಹೇಳಿದರೂ ಠಾಣೆಯಲ್ಲಿ ಮಸಿ ಹಿಡಿದ ಹೆಲ್ಮೆಟ್ಟಿಗೇ ಮರ್ಯಾದೆ. ಕೊಳೆ ಜಾಸ್ತಿ ಇದ್ದಷ್ಟೂ ಅನುಭವಸ್ಥ ಎಂದು ಲೆಕ್ಕ. ನಾನು ಮಾತಾಡುವುದನ್ನು ಬಿಟ್ಟು ಒಂದು ಬಿಳಿ ಬಟ್ಟೆ ತಂದೆ. ಬೆಂಕಿ ಕರೆ ಮುಗಿಸಿ ಬಂದವರ ಹುಡ್ (ತಲೆ, ಕುತ್ತಿಗೆ ಮುಚ್ಚುವ ಬಟ್ಟೆ) ತೆಗೆಸಿ ಕುತ್ತಿಗೆ ಒರೆಸಿ ತೋರಿಸಿದೆ. ದವಡೆಯ ಕೆಳಗೆ, ಕಿವಿಯ ಹಿಂದೆ ಎಲ್ಲ ಕಪ್ಪು ಗೆರೆ. "ಇದೇ ಕುತ್ತಿಗೆಗೆ ಮಗಳು ಜೋತುಬೀಳ್ತಾಳಲ್ಲ ಸಾರ್" ಎಂದ ಒಬ್ಬ, ನಾನು ಹೇಳುವ ಮೊದಲೇ. ಅಲ್ಲಿಂದ ಬೆಂಕಿಯ ಜಾಗದಲ್ಲೇ ಉಡುಪನ್ನು ನೀರಲ್ಲಿ ತೊಳೆಯುವುದು, ಚೀಲಕ್ಕೆ ಹಾಕಿ ತರುವುದು, ಮನೆಗೆ ಒಯ್ಯದಿರುವುದು ಒಂದೊಂದಾಗಿ ರೂಢಿಗೆ ಬಂತು. ತೊಳೆಯಲು ಹಾಕಿದರೆ ಮುಂದಿನ ಕರೆಗೆ ಏನು ಹಾಕಿಕೊಳ್ಳುವುದು? ಎಲ್ಲರಿಗೂ ಎರಡನೇ ಜೊತೆ ಬೇಕು ಎಂಬ ಬೇಡಿಕೆ ಹುಟ್ಟಿದ್ದು ಇಲ್ಲಿ. ಹೆಣ್ಣುಮಕ್ಕಳಿಗೆ ಅವರ ಅಳತೆಯದೇ ಕೊಡಿ ಎಂಬುದನ್ನೂ ಇದಕ್ಕೇ ಸೇರಿಸಿದೆವು. ತೋಳು ಉದ್ದ, ಸೊಂಟ ಸಡಿಲ ಇದ್ದರೆ ಸಂದಿಯಲ್ಲಿ ಹೊಗೆ ನುಗ್ಗುತ್ತದೆ. ಕೊಟ್ಟರು, ಕಂತಿನಲ್ಲಿ.

ಜೊತೆಗೆ ಪ್ರತಿಯೊಬ್ಬರೂ ತಮ್ಮದೇ ಒಂದು ಪುಸ್ತಕ ಇಡುವಂತೆ ಮಾಡಿದೆವು. ಯಾವ ದಿನ, ಯಾವ ಬೆಂಕಿ, ಏನು ಉರಿಯುತ್ತಿತ್ತು, ಎಷ್ಟು ಹೊತ್ತು ಹೊಗೆಯಲ್ಲಿದ್ದೆ, ಉಸಿರಾಟದ ಸಲಕರಣೆ ಹಾಕಿದ್ದೆನೇ. ಇಲಾಖೆಯ ದಾಖಲೆಯಲ್ಲಿ ಗಾಡಿ ನಂಬರ್ ಇರುತ್ತದೆ, ಮನುಷ್ಯನ ಶ್ವಾಸಕೋಶ ಇರುವುದಿಲ್ಲ.

ನಾನಿದ್ದ ಕಾಲದಲ್ಲಿ ಮುಗಿಯದೆ ಉಳಿದದ್ದು ನಿವೃತ್ತರ ತಪಾಸಣೆ. ಕಾಯಿಲೆ ಬರುವುದೇ ಕೆಲಸ ಬಿಟ್ಟ ಮೇಲೆ, ವರ್ಷಕ್ಕೊಮ್ಮೆಯ ತಪಾಸಣೆ ನಿಲ್ಲುವುದೂ ಅವತ್ತೇ. ಅವರು ಈಗ ನಮ್ಮ ಸಿಬ್ಬಂದಿ ಅಲ್ಲ ಎನ್ನುವುದು ಆಡಳಿತದ ಉತ್ತರ. ನಿವೃತ್ತರನ್ನು ಹುಡುಕಿ, ಯಾರಿಗೆ ಏನು ಕಾಯಿಲೆ, ಎಷ್ಟು ವರ್ಷ ಸೇವೆ ಎಂದು ಅವರ ಒಪ್ಪಿಗೆ ಪಡೆದು ಬರೆದುಕೊಂಡೆವು. ಕೆಲವು ಮನೆಗಳಲ್ಲಿ ಉತ್ತರ ಕೊಟ್ಟವರು ಅವರ ಹೆಂಡತಿಯರು. ಆ ಪಟ್ಟಿ ಈಗ ನನ್ನ ನಂತರ ಬಂದ ಕಾರ್ಯದರ್ಶಿಯ ಕೈಯಲ್ಲಿದೆ. ಮುಂದಿನ ಮಾತುಕತೆಗೆ ಬರೀ ಪಟ್ಟಿ ತೆಗೆದುಕೊಂಡು ಹೋಗಬೇಡಿ, ಬರಲು ಆಗುವ ನಿವೃತ್ತರನ್ನೂ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿ ಎಂದು ಹೇಳಿದ್ದೇನೆ. ಮೂವರು ಒಪ್ಪಿದ್ದಾರೆ.