ಫ್ಲೂಯಿಡೈಸ್ಡ್ ಬೆಡ್ ರಿಯಾಕ್ಟರಿನಲ್ಲಿ ಅನಿಲ ಮತ್ತು ಕಣಗಳ ಹರಿವನ್ನು ಸಿಮ್ಯುಲೇಟ್ ಮಾಡುವ ಬಗೆ

ಫ್ಲೂಯಿಡೈಸ್ಡ್ ಬೆಡ್ ಎಂದರೆ ಕೆಳಗಿನಿಂದ ಊದುವ ಅನಿಲವು ತೇಲಿಸಿ ದ್ರವದಂತೆ ಹರಿಯುವಂತೆ ಮಾಡುವ ಕಣಗಳ ಹಾಸು. ಸಿಮ್ಯುಲೇಶನ್ ಸಾಫ್ಟ್‌ವೇರ್ ತೆರೆಯುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳಬೇಕು. 0.5 ಮಿಲಿಮೀಟರ್ ವ್ಯಾಸದ, ಘನಮೀಟರಿಗೆ 2600 ಕಿಲೋಗ್ರಾಂ ಸಾಂದ್ರತೆಯ ಮರಳನ್ನು ಸಾಮಾನ್ಯ ಉಷ್ಣಾಂಶದ ಗಾಳಿ ತೇಲಿಸಲು ಬೇಕಾದ ಕನಿಷ್ಠ ವೇಗ, ವೆನ್ ಮತ್ತು ಯು ಅವರ ಸೂತ್ರದಂತೆ, ಸೆಕೆಂಡಿಗೆ ಸುಮಾರು 0.2 ಮೀಟರ್. ಒಳಹರಿವಿನ ವೇಗವನ್ನು ಇದರ ಎರಡು ಮೂರು ಪಟ್ಟು ಇಟ್ಟರೆ ಗುಳ್ಳೆಗಳೇಳುವ ಹಾಸು ಸಿಗುತ್ತದೆ.

ಮುಂದಿನದು ಮಾದರಿಯ ಆಯ್ಕೆ. ಅನಿಲದ ಹರಿವನ್ನು ಕೋಶಗಳಲ್ಲಿ ಲೆಕ್ಕಹಾಕುತ್ತಾ ಪ್ರತಿಯೊಂದು ಕಣವನ್ನೂ ಹಿಂಬಾಲಿಸುವ ಸಿಎಫ್‌ಡಿ-ಡಿಇಎಂ ವಿಧಾನವು ಡಿಕ್ಕಿಗಳನ್ನು ನೇರವಾಗಿ ಲೆಕ್ಕಹಾಕುತ್ತದೆಯಾದರೂ, ಕಣಗಳ ಸಂಖ್ಯೆ ಕೋಟಿಗಳನ್ನು ದಾಟಿದಾಗ ಅದು ಕೈಗೆಟುಕುವುದಿಲ್ಲ. ಆಗ ಅನಿಲ ಮತ್ತು ಘನ ಎರಡನ್ನೂ ಒಂದರೊಳಗೊಂದು ಹರಿಯುವ ಮಾಧ್ಯಮಗಳೆಂದು ಎಣಿಸುವ ಟು-ಫ್ಲೂಯಿಡ್ ಮಾದರಿಯೇ ಗತಿ. ಮುಕ್ತ ತಂತ್ರಾಂಶವಾದ ಎಂಫಿಕ್ಸ್‌ನಲ್ಲಿ ಎರಡೂ ಲಭ್ಯವಿವೆ.

ಫಲಿತಾಂಶವನ್ನು ಅತಿ ಹೆಚ್ಚು ಬದಲಿಸುವುದು ಡ್ರ್ಯಾಗ್ ಸೂತ್ರ, ಅಂದರೆ ಅನಿಲವು ಕಣಗಳನ್ನು ಎಳೆಯುವ ಬಲದ ಸೂತ್ರ. ಗಾತ್ರದಲ್ಲಿ ಅನಿಲದ ಪಾಲು 0.8ಕ್ಕಿಂತ ಕಡಿಮೆಯಿರುವಲ್ಲಿ ಎರ್ಗುನ್ ಸಮೀಕರಣವನ್ನೂ ಅದಕ್ಕಿಂತ ಹೆಚ್ಚಿರುವಲ್ಲಿ ವೆನ್-ಯು ಸಮೀಕರಣವನ್ನೂ ಬಳಸುವ ಗಿಡಾಸ್ಪೋ ಮಾದರಿ ಇಂತಹ ಮರಳಿಗೆ ಒಳ್ಳೆಯ ಆರಂಭ. ಆದರೆ ಪುಡಿಗಳನ್ನು ಕಣದ ಗಾತ್ರ ಮತ್ತು ಸಾಂದ್ರತೆಯಂತೆ ವಿಂಗಡಿಸುವ ಗೆಲ್ಡಾರ್ಟ್ ವರ್ಗೀಕರಣದ ಎ ಗುಂಪಿಗೆ ಸೇರಿದ ನುಣ್ಣನೆಯ ಪುಡಿಗಳಲ್ಲಿ, ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಹಂಚುವ ಕೋಶಗಳ ಜಾಲ) ಒರಟಾಗಿದ್ದರೆ, ಕಣಗಳ ಸಣ್ಣ ಗೊಂಚಲುಗಳು ಲೆಕ್ಕಕ್ಕೆ ಸಿಗದೆ ಡ್ರ್ಯಾಗ್ ಅತಿಯಾಗಿ, ಹಾಸು ವಾಸ್ತವಕ್ಕಿಂತ ಎತ್ತರಕ್ಕೆ ಉಬ್ಬುತ್ತದೆ. ಬಣ್ಣದ ಚಿತ್ರಗಳು ಎಷ್ಟೇ ಚೆಂದವಿದ್ದರೂ ಈ ತಪ್ಪನ್ನು ತೋರಿಸಿಕೊಡುವುದಿಲ್ಲ. ಟು-ಫ್ಲೂಯಿಡ್ ಮಾದರಿಯಲ್ಲಿ ಕೋಶದ ಅಗಲವನ್ನು ಕಣದ ವ್ಯಾಸದ ಸುಮಾರು ಹತ್ತು ಪಟ್ಟಿಗೆ ಇಟ್ಟು ಆರಂಭಿಸಿ, ಅರ್ಧಕ್ಕಿಳಿಸಿ ಮತ್ತೆ ಓಡಿಸಿ ನೋಡಬೇಕು.

ಕೊನೆಗೆ ಒತ್ತಡದ ಪರೀಕ್ಷೆ. ಘನದ ಪಾಲು 0.6 ಇರುವ 0.3 ಮೀಟರ್ ಎತ್ತರದ ಇದೇ ಮರಳಿನ ಹಾಸಿನಲ್ಲಿ ಒತ್ತಡದ ಇಳಿಕೆ ಸರಾಸರಿ 4600 ಪಾಸ್ಕಲ್ ಆಸುಪಾಸಿನಲ್ಲಿರಬೇಕು, ಏಕೆಂದರೆ ಅನಿಲವು ಹೊರುತ್ತಿರುವುದು ಹಾಸಿನ ತೂಕವನ್ನೇ. ಆರಂಭದ ಏರಿಳಿತವಿರುವ ಮೊದಲ ಕೆಲವು ಸೆಕೆಂಡುಗಳನ್ನು ಸರಾಸರಿಗೆ ಸೇರಿಸಬಾರದು.