ಡೇರಿ ಫ್ರೀ ಅಂದ ಮಾತ್ರಕ್ಕೆ ವೀಗನ್ ಆಯಿತೇ? ಪೊಟ್ಟಣದ ಬೆನ್ನು ಓದುವ ಬಗೆ

ವೀಗನ್ ನೆಂಟರು ಬರುತ್ತಾರೆ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಸೂಪರ್ ಮಾರ್ಕೆಟ್‌ಗೆ ಓಡುತ್ತಾರೆ. ಲ್ಯಾಕ್ಟೋಸ್ ಫ್ರೀ ಹಾಲಿನ ಪೊಟ್ಟಣ ಹಿಡಿದು ಬರುತ್ತಾರೆ. "ಇದರಲ್ಲಿ ಹಾಲಿಲ್ಲ, ಬರೆದಿದೆ ನೋಡಿ" ಅನ್ನುತ್ತಾರೆ. ಬರೆದಿರುವುದು ಲ್ಯಾಕ್ಟೋಸ್ ಇಲ್ಲ ಅಂತ. ಒಳಗಿರುವುದು ಅಪ್ಪಟ ಹಸುವಿನ ಹಾಲು. ಹಾಲಿನ ಸಕ್ಕರೆ ಜೀರ್ಣವಾಗದವರಿಗಾಗಿ ಲ್ಯಾಕ್ಟೇಸ್ ಎಂಬ ಕಿಣ್ವ ಹಾಕಿ ಆ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ, ಅಷ್ಟೇ.

ಇನ್ನು ಕೆಲವರು ಬಾದಾಮಿ ಹಾಲಿನ ಬಾಟಲಿ ತರುತ್ತಾರೆ. ನಮ್ಮ ಹಾಲಿನ ಬೂತುಗಳಲ್ಲಿ ಸಿಗುವ ಬಾದಾಮಿ ಹಾಲು ಹಸುವಿನ ಹಾಲಿನದೇ. ಬಾದಾಮಿ ಅದರಲ್ಲಿ ಅತಿಥಿ.

ತಪ್ಪು ಅವರದೂ ಅಲ್ಲ. ಪೊಟ್ಟಣದ ಮುಂಭಾಗ ಇರುವುದು ಮಾರುವುದಕ್ಕೆ. ಓದಬೇಕಾದದ್ದು ಹಿಂಭಾಗ. ಹಾಲು, ಮೊಸರು, ತುಪ್ಪದ ಜೊತೆ ಜೇನನ್ನೂ, ಪ್ರಾಣಿಯಿಂದ ಬಂದ ಬೇರೆ ಏನನ್ನೂ ಬಳಸದವರು ವೀಗನ್. ಹಾಗಾಗಿ ‘ಹಾಲಿಲ್ಲ’ ಎಂಬಲ್ಲಿಗೆ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರುತ್ತದೆ.

1. ಮುಂಭಾಗದ ಮಾತು ನಂಬಬೇಡಿ

ಪ್ಲಾಂಟ್ ಬೇಸ್ಡ್, ನಾನ್ ಡೇರಿ, ಡೇರಿ ಫ್ರೀ, ನ್ಯಾಚುರಲ್. ಇವೆಲ್ಲ ಸುಮ್ನೆ ಓದಿ ಬಿಟ್ಟುಬಿಡಿ.

ಇದರಲ್ಲಿ ‘ನಾನ್ ಡೇರಿ’ ಎಲ್ಲಕ್ಕಿಂತ ಮೋಸದ್ದು. ಕಾಫಿ, ಟೀ ಮೆಷೀನಿಗೆ ಹಾಕುವ ನಾನ್ ಡೇರಿ ಕ್ರೀಮರ್ ಪುಡಿ ಗೊತ್ತಲ್ವಾ? ಅದರಲ್ಲಿ ಸೋಡಿಯಂ ಕೇಸಿನೇಟ್ ಇರುವುದು ಬಹಳ ಸಾಮಾನ್ಯ. ಅದು ಹಾಲಿನ ಪ್ರೋಟೀನಿನಿಂದ ಮಾಡಿದ್ದು. ಅಮೆರಿಕದಲ್ಲಂತೂ ನಾನ್ ಡೇರಿ ಅಂತ ಬರೆದ ಪದಾರ್ಥದಲ್ಲಿ ಕೇಸಿನೇಟ್ ಇದ್ದರೆ, ಅದರ ಪಕ್ಕದಲ್ಲೇ ‘ಹಾಲಿನಿಂದ ಬಂದದ್ದು’ ಅಂತ ಹೇಳಬೇಕು ಎಂಬ ನಿಯಮವೇ ಇದೆ. ಕಚೇರಿಯ ಮೆಷೀನಿನ ಪ್ರೀಮಿಕ್ಸ್ ಕಾಫಿಯನ್ನು ವೀಗನ್ ಸಹೋದ್ಯೋಗಿಗೆ ಕೊಡುವ ಮುಂಚೆ ಆ ಪುಡಿಯ ಚೀಲ ತಿರುಗಿಸಿ ನೋಡಿ.

ಒಂದು ಸುಳಿವು ಮಾತ್ರ ಉಪಯೋಗಕ್ಕೆ ಬರುತ್ತದೆ. ಸಸ್ಯಮೂಲದ ಪಾನೀಯಗಳನ್ನು ‘ಮಿಲ್ಕ್’ ಅಂತ ಮಾರಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2021ರಲ್ಲಿ ಬಿಗಿ ಮಾಡಿತು. ತೆಂಗಿನಕಾಯಿ ಹಾಲಿನಂಥ ಹಳೆಯ ಹೆಸರುಗಳಿಗೆ ವಿನಾಯಿತಿ ಇದೆ. ಹಾಗಾಗಿ ಸೋಯಾ, ಓಟ್ಸ್, ಬಾದಾಮಿಯದ್ದರ ಮೇಲೆ ಸಾಮಾನ್ಯವಾಗಿ ‘ಡ್ರಿಂಕ್’ ಅಥವಾ ‘ಬೆವರೇಜ್’ ಅಂತಿರುತ್ತದೆ. ದೊಡ್ಡದಾಗಿ ‘ಮಿಲ್ಕ್’ ಅಂತಿದ್ದರೆ ಒಂದು ಅನುಮಾನ ಇಟ್ಟುಕೊಳ್ಳಿ.

2. ಗುರುತು ನೋಡಿ, ಆದರೆ ಅರ್ಥ ತಿಳಿದು ನೋಡಿ

ಹಸಿರು ಚೌಕದೊಳಗೆ ‘ವಿ’ ಎಂಬ ಇಂಗ್ಲಿಷ್ ಅಕ್ಷರ, ಅದಕ್ಕೊಂದು ಪುಟ್ಟ ಎಲೆ. ಇದು ಭಾರತದ ವೀಗನ್ ಗುರುತು. ಇದಕ್ಕೆ 2022ರಲ್ಲಿ ಪ್ರತ್ಯೇಕ ನಿಯಮಗಳೇ ಬಂದವು. ಪದಾರ್ಥ ಮಾತ್ರವಲ್ಲ, ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ್ದು ಬಳಸಿರಬಾರದು. ಫ್ಲೇವರ್, ಕಿಣ್ವ, ಸೋಸಲು ಬಳಸುವ ವಸ್ತು ಎಲ್ಲವೂ ಅದರಲ್ಲಿ ಬರುತ್ತವೆ. ಈ ಗುರುತು ಇದ್ದರೆ ಪೊಟ್ಟಣ ಬುಟ್ಟಿಗೆ ಹಾಕಿ, ಮುಂದಿನದನ್ನು ಓದುವುದೇ ಬೇಡ. ಹೊರದೇಶದ ಪೊಟ್ಟಣಗಳಲ್ಲಿ ಇಂಗ್ಲೆಂಡಿನ ವೀಗನ್ ಸೊಸೈಟಿಯ ಮುದ್ರೆ ಇದ್ದರೂ ನನಗೆ ಸಮಾಧಾನವೇ.

ಗುರುತು ಇಲ್ಲ ಅಂದರೆ ವೀಗನ್ ಅಲ್ಲ ಅಂತೇನೂ ಅಲ್ಲ. ಹುಡುಕಬೇಕು, ಅಷ್ಟೇ.

ಜನ ಎಡವುವುದು ಹಸಿರು ಚುಕ್ಕೆಯಲ್ಲಿ. ಚುಕ್ಕೆ ಇರುವುದು ಸಸ್ಯಾಹಾರಕ್ಕೆ. ನಮ್ಮ ಲೇಬಲ್ ನಿಯಮದಲ್ಲಿ ಮಾಂಸಾಹಾರದ ಪಟ್ಟಿಯಿಂದ ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವನ್ನೆಲ್ಲ ಹೊರಗಿಟ್ಟಿದ್ದಾರೆ. ಅಂದರೆ ಇವಿಷ್ಟೂ ಹಸಿರು ಚುಕ್ಕೆಯ ಕೆಳಗೆ ಆರಾಮಾಗಿ ಕೂರಬಹುದು. ಹಾಗಂತ ಚುಕ್ಕೆ ಕೆಲಸಕ್ಕೆ ಬಾರದ್ದೂ ಅಲ್ಲ. ಜೆಲಾಟಿನ್, ಮೀನೆಣ್ಣೆ, ಪ್ರಾಣಿಕೊಬ್ಬು, ಕೀಟದಿಂದ ತೆಗೆದ ಕೆಂಪು ಬಣ್ಣ ಇದ್ದರೆ ಕಂದು ತ್ರಿಕೋನ ಹಾಕಬೇಕು. ಆದ್ದರಿಂದ ಚುಕ್ಕೆ ನಿಮ್ಮ ಹುಡುಕಾಟವನ್ನು ಕಡಿಮೆ ಮಾಡುತ್ತದೆ. ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ಸೂಟ್‌ಕೇಸಿನಲ್ಲಿ ತಂದ ಪೊಟ್ಟಣಕ್ಕೆ ಈ ಅನುಕೂಲ ಇಲ್ಲ. ಅದನ್ನು ಪೂರ್ತಿ ಓದಲೇಬೇಕು.

3. ಅಲರ್ಜಿ ಸಾಲು

ಪದಾರ್ಥಗಳ ಪಟ್ಟಿಯ ಕೆಳಗೆ ‘ಕಂಟೇನ್ಸ್’ ಅಂತ ಒಂದು ಸಾಲಿರುತ್ತದೆ. ಹಾಲು, ಸೋಯಾ, ಬೀಜಗಳು, ಮೀನು ಇವನ್ನು ಅಲ್ಲಿ ಹೇಳಲೇಬೇಕು. ‘ಕಂಟೇನ್ಸ್ ಮಿಲ್ಕ್’ ಅಂತಿದ್ದರೆ ಮುಂಭಾಗದಲ್ಲಿ ಏನೇ ಬರೆದಿರಲಿ, ವಾಪಸ್ ಇಡಿ. ಇದರಷ್ಟು ಬೇಗ ಉತ್ತರ ಕೊಡುವ ಸಾಲು ಬೇರೆ ಇಲ್ಲ.

‘ಮೇ ಕಂಟೇನ್ ಮಿಲ್ಕ್’ ಬೇರೆ. ಹಾಲಿನ ಪದಾರ್ಥ ತಯಾರಾಗುವ ಮೆಷೀನಿನಲ್ಲೇ ಇದೂ ತಯಾರಾಗಿದೆ, ಸ್ವಲ್ಪ ಸೋಂಕಿರಬಹುದು ಎಂಬ ಎಚ್ಚರಿಕೆ ಅದು. ಹೆಚ್ಚಿನ ವೀಗನ್‌ಗಳು ಇದನ್ನು ಕುಡಿಯುತ್ತಾರೆ, ಕೆಲವರು ಕುಡಿಯುವುದಿಲ್ಲ. ನೆಂಟರನ್ನು ಕೇಳಿಬಿಡಿ. ಆದರೆ ಹಾಲಿನ ಅಲರ್ಜಿ ಇರುವ ಮಗುವಿಗೆ ಕೊಡುವುದಾದರೆ ಈ ಸಾಲನ್ನು ಹಗುರವಾಗಿ ತಗೊಳ್ಳಬೇಡಿ. ವೀಗನ್ ಗುರುತು ಇದ್ದರೂ ಅದು ಅಲರ್ಜಿಗೆ ಗ್ಯಾರಂಟಿ ಅಲ್ಲ.

4. ಪದಾರ್ಥಗಳ ಪಟ್ಟಿ: ಇಲ್ಲಿ ನಿಂತು ಓದಿ

ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಬಾದಾಮಿ ಡ್ರಿಂಕ್‌ನಲ್ಲಿ ಮೊದಲು ನೀರು, ಆಮೇಲೆ ಸಕ್ಕರೆ, ಆಮೇಲೆ ಬಾದಾಮಿ ಅಂತಿದ್ದರೆ ನೀವು ಕೊಳ್ಳುತ್ತಿರುವುದು ದುಬಾರಿ ಸಕ್ಕರೆ ನೀರು. ವೀಗನ್ ಹೌದು, ದುಡ್ಡಿಗೆ ದಂಡ. ನನ್ನ ಕೇಳಿದರೆ ಸಕ್ಕರೆ ಹಾಕದ ಸೋಯಾ ಡ್ರಿಂಕ್ ತಗೊಳ್ಳಿ. ಪ್ರೋಟೀನ್ ಇರುತ್ತದೆ, ಅಡುಗೆಗೂ ಆಗುತ್ತದೆ.

ಮೊದಲು ಹಾಲಿನ ಮಾರುವೇಷಗಳು. ಮಿಲ್ಕ್ ಸಾಲಿಡ್ಸ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಹಾಲಿನ ಘನಾಂಶ), ವ್ಹೇ, ಕೇಸಿನ್, ಕೇಸಿನೇಟ್, ಲ್ಯಾಕ್ಟೋಸ್, ಬಟರ್‌ಮಿಲ್ಕ್ ಪೌಡರ್. ವ್ಹೇ ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನ ಭಾಗ. ಜಿಮ್ ಹುಡುಗರು ಕುಡಿಯುವ ಕೆಲವು ಪ್ರೋಟೀನ್ ವಾಟರ್‌ಗಳು ಜ್ಯೂಸಿನಂತೆ ತಿಳಿಯಾಗಿ ಕಾಣುತ್ತವೆ. ನೋಡಿದರೆ ಹಾಲಿನ ನೆನಪೇ ಬರುವುದಿಲ್ಲ. ಒಳಗಿರುವುದು ವ್ಹೇ. ಮಾಲ್ಟ್ ಪುಡಿಗಳಲ್ಲೂ, ಬಿಸಿನೀರು ಹಾಕಿದರೆ ಸಾಕು ಎನ್ನುವ ಎಷ್ಟೋ ರಾಗಿ ಮಾಲ್ಟ್ ಮಿಕ್ಸ್‌ಗಳಲ್ಲೂ ಹಾಲಿನ ಪುಡಿ ಇರುತ್ತದೆ. ರಾಗಿ ಅಂದ ತಕ್ಷಣ ಕಣ್ಣು ಮುಚ್ಚಬೇಡಿ. ಚಾಕೊಲೇಟ್ ಡ್ರಿಂಕ್ ಆದರೆ ಕಂಸದೊಳಗಿನದನ್ನೂ ಓದಿ. ಚಾಕೊಲೇಟ್ ಅಂತ ಬರೆದು ಕಂಸದಲ್ಲಿ ಮಿಲ್ಕ್ ಸಾಲಿಡ್ಸ್ ಅಂತಿರುತ್ತದೆ.

ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಹೆಸರು ಕೇಳಿ ಗಾಬರಿಯಾಗಿ ಒಳ್ಳೆಯ ಪೊಟ್ಟಣವನ್ನು ಬಿಟ್ಟು ಬರುತ್ತಾರೆ. ಲ್ಯಾಕ್ಟಿಕ್ ಆಸಿಡ್, ಅಂದರೆ ಐಎನ್‌ಎಸ್ 270 (ಆಹಾರಕ್ಕೆ ಸೇರಿಸುವ ವಸ್ತುಗಳನ್ನು ಪಟ್ಟಿಯಲ್ಲಿ ಗುರುತಿಸುವ ಅಂಕಿ ಇದು), ಸಾಮಾನ್ಯವಾಗಿ ಸಕ್ಕರೆ ಅಥವಾ ಪಿಷ್ಟವನ್ನು ಹುದುಗಿಸಿ ತೆಗೆದದ್ದು. ಕೋಕೋ ಬಟರ್ ಕೋಕೋ ಬೀಜದ ಕೊಬ್ಬು. ಬೆಣ್ಣೆಗೂ ಅದಕ್ಕೂ ಸಂಬಂಧ ಇಲ್ಲ. 407 ಸಮುದ್ರದ ಪಾಚಿ, 410 ಮತ್ತು 412 ಬೀಜದ ಗೋಂದು, 415 ಮತ್ತು 418 ಸೂಕ್ಷ್ಮಾಣುಗಳಿಂದ ಮಾಡಿದ ಗೋಂದು. 340 ಖನಿಜ ಲವಣ, ಕಾಫಿಯಲ್ಲಿ ಒಡೆಯದಿರಲಿ ಅಂತ ಬರಿಸ್ಟಾ ಪೊಟ್ಟಣಗಳಿಗೆ ಹಾಕುತ್ತಾರೆ. ಇವೆಲ್ಲ ವೀಗನ್‌ಗೆ ತೊಂದರೆಯಿಲ್ಲ.

ಎಣ್ಣೆ, ನೀರು ಬೇರೆಯಾಗದಿರಲಿ ಅಂತ ಹಾಕುವ 471 ಮಾತ್ರ ಎರಡು ದೋಣಿಯ ಗಿರಾಕಿ. ಅದನ್ನು ಗಿಡದ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿಕೊಬ್ಬಿನಿಂದಲೂ ಮಾಡಬಹುದು. ಹಸಿರು ಚುಕ್ಕೆ ಇರುವ ಭಾರತದ ಪೊಟ್ಟಣದಲ್ಲಿ ಪ್ರಾಣಿಕೊಬ್ಬಿನದ್ದು ಇರುವಂತಿಲ್ಲ. ಸೂಟ್‌ಕೇಸಿನಲ್ಲಿ ಬಂದದ್ದಾದರೆ ಕೇಳಿಯೇ ತಿಳಿಯಬೇಕು.

ಬಣ್ಣದ ವಿಷಯದಲ್ಲಿ ಎರಡು ಹೆಸರು ಒಂದಕ್ಕೊಂದು ಗಂಟು ಹಾಕಿಕೊಳ್ಳುತ್ತವೆ. ಕಾರ್ಮೈನ್, ಐಎನ್‌ಎಸ್ 120, ಕೀಟಗಳನ್ನು ಒಣಗಿಸಿ ತೆಗೆದ ಕೆಂಪು. ಕಾರ್ಮೋಸಿನ್, ಐಎನ್‌ಎಸ್ 122, ಕಾರ್ಖಾನೆಯಲ್ಲಿ ಮಾಡಿದ ಕೃತಕ ಕೆಂಪು. ಅದರಲ್ಲಿ ಕೀಟ ಇಲ್ಲ. ಗುಲಾಬಿ ಶರಬತ್ತು ಕೊಳ್ಳುವಾಗ ಹೆಸರಿಗಿಂತ ಅಂಕಿ ನೋಡುವುದು ವಾಸಿ. ಕೃತಕ ಬಣ್ಣ ಬೇಡವೆಂದು ಬಿಡುವುದು ಬೇರೆ ಲೆಕ್ಕ.

ಈಗ ನಿಜವಾದ ಸಿಕ್ಕು: ವಿಟಮಿನ್ ಡಿ. ಸೋಯಾ, ಓಟ್ಸ್, ಬಾದಾಮಿ ಡ್ರಿಂಕ್‌ಗಳಿಗೆ ಹಾಲಿಗೆ ಸಮನಾಗಲಿ ಅಂತ ಕ್ಯಾಲ್ಸಿಯಂ, ಬಿ12, ಡಿ ಸೇರಿಸುತ್ತಾರೆ. ಕ್ಯಾಲ್ಸಿಯಂ ಸಾಮಾನ್ಯವಾಗಿ ಖನಿಜದ್ದು. ಬಿ12 ಬ್ಯಾಕ್ಟೀರಿಯಾಗಳಿಂದ ತಯಾರಾಗುವುದು. ಡಿಯಲ್ಲಿ ಎರಡು ಬಗೆ. ಡಿ2, ಅಂದರೆ ಎರ್ಗೋಕ್ಯಾಲ್ಸಿಫೆರಾಲ್, ಯೀಸ್ಟ್ ಅಥವಾ ಅಣಬೆಯ ಜಾತಿಯಿಂದ ಬರುತ್ತದೆ. ಅದು ಸರಿ. ಡಿ3, ಅಂದರೆ ಕೋಲೆಕ್ಯಾಲ್ಸಿಫೆರಾಲ್, ಬಹುಪಾಲು ಬರುವುದು ಕುರಿಯಿಂದ. ಉಣ್ಣೆ ತೊಳೆದಾಗ ಲ್ಯಾನೋಲಿನ್ ಎಂಬ ಜಿಡ್ಡು ಸಿಗುತ್ತದೆ. ಅದರಿಂದ ಒಂದು ವಸ್ತು ಬೇರ್ಪಡಿಸಿ, ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು ಡಿ3 ಮಾಡುತ್ತಾರೆ. ಕಲ್ಲುಹೂವಿನ ಜಾತಿಯ ಲೈಕನ್‌ಗಳಿಂದ ತೆಗೆದ ವೀಗನ್ ಡಿ3 ಕೂಡ ಇದೆ. ಆದರೆ ಅದು ದುಬಾರಿ, ಹಾಗಾಗಿ ಹಾಕಿದವರು ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಸುಮ್ನೆ ‘ವಿಟಮಿನ್ ಡಿ3’ ಅಂತಷ್ಟೇ ಇದ್ದರೆ ಕೇಳದೆ ಒಪ್ಪಬೇಡಿ. ಹಾಲಿಲ್ಲ ನಿಜ, ಅಲರ್ಜಿ ಸಾಲೂ ಶುಭ್ರವಾಗಿದೆ, ಹಸಿರು ಚುಕ್ಕೆಯೂ ಇದೆ. ಆದರೂ ಕುರಿ ಒಳಗಿರಬಹುದು.

ಒಮೆಗಾ 3 ಅಥವಾ ಅದರದೇ ಒಂದು ಬಗೆಯಾದ ಡಿಎಚ್‌ಎ ಅಂತ ಬರೆದಿದ್ದರೂ ಇದೇ ಪ್ರಶ್ನೆ: ಮೀನಿನದೋ, ಪಾಚಿಯದೋ? ಇಲ್ಲಿ ಹಸಿರು ಚುಕ್ಕೆ ನಿಮ್ಮ ನೆರವಿಗೆ ಬರುತ್ತದೆ.

ಜೇನನ್ನು ಮರೆಯಬೇಡಿ. ನಿಂಬೆ ಶುಂಠಿ ಪಾನೀಯ, ಐಸ್ ಟೀ, ಕೊಂಬುಚಾ ಎಂಬ ಹುದುಗಿಸಿದ ಟೀ ಇವುಗಳಲ್ಲಿ ಅದು ಆಗಾಗ ಇಣುಕುತ್ತದೆ. ಚುಕ್ಕೆಯೂ ಹೇಳುವುದಿಲ್ಲ, ಅಲರ್ಜಿ ಸಾಲೂ ಹೇಳುವುದಿಲ್ಲ.

ಅಂತರ್ಜಾಲದಲ್ಲಿ ಸುತ್ತುವ ಎರಡು ಭಯಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಸಕ್ಕರೆಯನ್ನು ಮೂಳೆ ಇದ್ದಿಲಿನಲ್ಲಿ ಸೋಸುತ್ತಾರೆ ಎಂಬುದು ಅಮೆರಿಕದ ಕೆಲವು ಕಬ್ಬಿನ ಸಕ್ಕರೆಗೆ ಸಲ್ಲುವ ಮಾತು. ನಮ್ಮ ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳಂಥವು ಕಬ್ಬಿನ ರಸವನ್ನು ಸಾಮಾನ್ಯವಾಗಿ ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿ ಮಾಡುತ್ತವೆ. ಎರಡನೆಯದು ಎನರ್ಜಿ ಡ್ರಿಂಕ್‌ಗಳ ಟಾರಿನ್. ಅದು ಹೋರಿಯಿಂದ ಬರುತ್ತದೆ ಅನ್ನುತ್ತಾರೆ. ಪಾನೀಯಕ್ಕೆ ಹಾಕುವುದು ಕಾರ್ಖಾನೆಯಲ್ಲಿ ತಯಾರಾದದ್ದು. ಎನರ್ಜಿ ಡ್ರಿಂಕ್ ಬೇಡ ಅನ್ನಲು ಬೇರೆ ಕಾರಣಗಳು ಬೇಕಾದಷ್ಟಿವೆ.

ತಿಳಿಯಾದ ಸೇಬಿನ ಜ್ಯೂಸ್ ಬಗೆಗಿನ ಅನುಮಾನಕ್ಕೆ ಮಾತ್ರ ಆಧಾರ ಇದೆ. ಅದನ್ನು ತಿಳಿ ಮಾಡಲು ಜೆಲಾಟಿನ್ ಬಳಸುವ ಪದ್ಧತಿ ಇದೆ. ಸೋಸುವಾಗ ಬಳಸಿ ತೆಗೆದದ್ದನ್ನು ಲೇಬಲ್‌ನಲ್ಲಿ ಹೇಳಬೇಕಾಗಿಲ್ಲ. ತಿರುಳಿರುವ ಮಬ್ಬು ಜ್ಯೂಸ್ ತಗೊಂಡರೆ ಈ ತಲೆನೋವು ಬಹುಮಟ್ಟಿಗೆ ಇಲ್ಲ.

5. ಕಂಪನಿಯನ್ನು ಕೇಳುವುದು

ಪ್ರತಿ ಪೊಟ್ಟಣದ ಮೇಲೂ ಗ್ರಾಹಕ ಸೇವೆಯ ಫೋನ್ ನಂಬರ್, ಇಮೇಲ್ ಇರುತ್ತದೆ. ಇರಲೇಬೇಕು, ನಿಯಮ. ಫೋನ್ ಮಾಡಬೇಡಿ. ಎದುರಿಗಿರುವವರು ಕೈಗೆ ಕೊಟ್ಟ ಹಾಳೆ ಓದುತ್ತಾರೆ. "ಇದು ವೀಗನ್ನಾ?" ಅಂತಲೂ ಕೇಳಬೇಡಿ. ಹಾಗೆ ಕೇಳಿದ್ದಕ್ಕೆ ಒಂದು ಕಂಪನಿಯಿಂದ ನನಗೆ ಬಂದ ಉತ್ತರ: "ಹೌದು, ನಮ್ಮದು ಪ್ಯೂರ್ ವೆಜ್." ಇನ್ನೊಂದರಿಂದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಬಂತು!

ಇಮೇಲ್‌ನಲ್ಲಿ ಪೊಟ್ಟಣದ ಹಿಂಭಾಗದ ಫೋಟೋ ಲಗತ್ತಿಸಿ, ಬ್ಯಾಚ್ ನಂಬರ್ ಬರೆಯಿರಿ. ಆಮೇಲೆ ತಪ್ಪಿಸಿಕೊಳ್ಳಲಾಗದ ಹಾಗೆ ಕೇಳಿ. "ಇದರಲ್ಲಿರುವ ವಿಟಮಿನ್ ಡಿ3 ಲ್ಯಾನೋಲಿನ್‌ನದೋ, ಲೈಕನ್‌ನದೋ? ಫ್ಲೇವರಿನಲ್ಲಿ ಹಾಲಿನ ಅಥವಾ ಜೇನಿನ ಅಂಶ ಇದೆಯೇ? 471 ಇದ್ದರೆ ಯಾವ ಎಣ್ಣೆಯಿಂದ? ಸೋಸಲು ಪ್ರಾಣಿಮೂಲದ ವಸ್ತು ಬಳಸುತ್ತೀರಾ?" ನಿಮ್ಮ ಪೊಟ್ಟಣಕ್ಕೆ ಸಂಬಂಧಿಸಿದ್ದನ್ನು ಮಾತ್ರ ಕೇಳಿ. ಪ್ರಶ್ನೆ ಹೆಚ್ಚಾದಷ್ಟೂ ಉತ್ತರ ಹಾರಿಕೆಯದಾಗುತ್ತದೆ.

ಒಳ್ಳೆಯ ಉತ್ತರದಲ್ಲಿ ಮೂಲದ ಹೆಸರಿರುತ್ತದೆ. "ನಮ್ಮ ಎಲ್ಲ ಪದಾರ್ಥಗಳೂ ಗುಣಮಟ್ಟದ ಮೂಲಗಳಿಂದ ಬಂದವು" ಎನ್ನುವುದು ಉತ್ತರವಲ್ಲ. ಅದನ್ನು ‘ಗೊತ್ತಿಲ್ಲ’ ಅಂತ ಓದಿಕೊಳ್ಳಿ, ಬೇರೆ ಪೊಟ್ಟಣ ನೋಡಿ.

ಬಾರ್‌ಕೋಡ್ ಸ್ಕ್ಯಾನ್ ಮಾಡಿ ವೀಗನ್ ಹೌದೋ ಅಲ್ಲವೋ ಹೇಳುವ ಆ್ಯಪ್‌ಗಳಿವೆ. ಅನುಕೂಲವೇ. ಆದರೆ ಅವುಗಳಲ್ಲಿ ಕೆಲವಕ್ಕೆ ಮಾಹಿತಿ ತುಂಬುವವರು ನಿಮ್ಮಂಥ ಬಳಕೆದಾರರೇ, ಅದೂ ಯಾವ ಕಾಲದ್ದೋ. ಡಿ3ಯ ಮೂಲ ಅವಕ್ಕೂ ಗೊತ್ತಿರುವುದಿಲ್ಲ.

6. ಮತ್ತೆ ಓದಿ

ಒಂದೇ ಕಂಪನಿಯ ವೆನಿಲ್ಲಾ ಸರಿಯಿದ್ದು ಚಾಕೊಲೇಟ್ ಸರಿಯಿಲ್ಲದೇ ಇರಬಹುದು. ‘ನ್ಯೂ ರೆಸಿಪಿ’ ಅಂತ ಕಂಡರೆ ಹಳೆಯ ಓದು ರದ್ದು.

ಆನ್‌ಲೈನ್ ಡೆಲಿವರಿ ಆ್ಯಪ್‌ಗಳಲ್ಲಿ ಹಿಂಭಾಗದ ಫೋಟೋ ಎಷ್ಟೋ ಸಲ ಇರುವುದೇ ಇಲ್ಲ, ಇದ್ದರೂ ಹಳೆಯ ಪೊಟ್ಟಣದ್ದಾಗಿರಬಹುದು. ಮನೆಗೆ ಬಂದ ಮೇಲೆ ಮುಚ್ಚಳ ತಿರುಗಿಸುವ ಮುಂಚೆ ಪಟ್ಟಿ ಓದಿ. ಸೀಲ್ ಒಡೆದದ್ದನ್ನು ವಾಪಸ್ ತಗೊಳ್ಳುವ ಅಂಗಡಿ ಸಿಗುವುದು ಕಷ್ಟ.