ನನ್ನ ಫೆಲನಿ ಕೇಸಿಗೆ ಷರಾ ಬರೆಸಿದ್ದು

2013ರ ಡಿಸೆಂಬರ್. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಗೆಳೆಯರ ಮನೆಯ ಪಾರ್ಟಿ ಮುಗಿಸಿ ನಾನೇ ಕಾರು ತೆಗೆದೆ. ಮನೆ ಮೂರೇ ಮೈಲಿ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿದೆ. ಅದರಲ್ಲಿದ್ದವರ ಭುಜದ ಮೂಳೆ ಮುರಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ನನ್ನ ಕಾಗದಪತ್ರದ ಗೋಳು, ಮೂಳೆ ಮಾತ್ರ ಅವರದ್ದು.

ಕುಡಿದು ಓಡಿಸಿ ಇನ್ನೊಬ್ಬರಿಗೆ ಗಾಯ ಮಾಡಿದರೆ ಕ್ಯಾಲಿಫೋರ್ನಿಯಾದಲ್ಲಿ ವೆಹಿಕಲ್ ಕೋಡ್ 23153 ಬೀಳುತ್ತದೆ. ವಕೀಲರ ಬಾಯಲ್ಲಿ ಇದು 'ವಾಬ್ಲರ್'. ಆ ಕಡೆ ವಾಲಿದರೆ ಫೆಲನಿ ಅನ್ನೋ ದೊಡ್ಡ ಅಪರಾಧ, ಈ ಕಡೆ ವಾಲಿದರೆ ಮಿಸ್‌ಡಿಮೀನರ್ ಅನ್ನೋ ಸಣ್ಣದು. ನನ್ನದು ದೊಡ್ಡ ಕಡೆಗೇ ವಾಲಿತು. 2014ರಲ್ಲಿ ತಪ್ಪೊಪ್ಪಿಕೊಂಡೆ. ಐದು ವರ್ಷ ಪ್ರೊಬೇಷನ್ (ಹೊರಗಿದ್ದರೂ ಕೋರ್ಟಿನ ಷರತ್ತುಗಳಡಿ ಬದುಕೋದು), 120 ದಿನ ಕೌಂಟಿ ಜೈಲು (60ಕ್ಕೆ ಬಿಟ್ಟರು), ಕುಡಿದು ಓಡಿಸಿದವರಿಗಾಗಿ ಒಂಬತ್ತು ತಿಂಗಳ ಕ್ಲಾಸು, ಗಾಯಗೊಂಡವರಿಗೆ ಪರಿಹಾರ. ಕೆಲಸ ಹೋಯಿತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಆಗ ನಮ್ಮ ಅಲಮೇಡಾ ಸೇರಿ ನಾಲ್ಕು ಕೌಂಟಿಗಳಲ್ಲಿ ಇಂಟರ್‌ಲಾಕ್ ಪ್ರಯೋಗ ನಡೆದಿತ್ತು. ಉಸಿರಲ್ಲಿ ಮದ್ಯ ಇದ್ದರೆ ಕಾರು ಸ್ಟಾರ್ಟ್ ಆಗದ ಹಾಗೆ ತಡೆಯುವ ಯಂತ್ರ ಅದು. ಲೈಸೆನ್ಸ್ ವಾಪಸ್ ಬಂದಮೇಲೆ ಒಂದು ವರ್ಷ ಆ ಪೀಪಿಯನ್ನು ಊದಿದರೆ ಮಾತ್ರ ನನ್ನ ಕಾರು ಸ್ಟಾರ್ಟ್ ಆಗುತ್ತಿತ್ತು. ಹೊಸ ಆಫೀಸಿನ ಪಾರ್ಕಿಂಗ್‌ನಲ್ಲಿ ಎಲ್ಲರೂ ಹೋಗುವವರೆಗೆ ಸುಮ್ನೆ ಫೋನ್ ನೋಡುತ್ತಾ ಕೂತಿರುತ್ತಿದ್ದೆ.

ಅಪ್ಪ ತಿಪಟೂರು ಕಡೆ ಗ್ರಾಮ ಲೆಕ್ಕಿಗರಾಗಿದ್ದವರು. ಪ್ರೊಬೇಷನ್ ಮುಗಿದ ವಾರ ಅವರಿಗೆ ಫೋನ್ ಮಾಡಿ, 'ಇನ್ನು ಕೋರ್ಟಿಗೆ ಅರ್ಜಿ ಹಾಕಿ ಕೇಸು ಕ್ಲಿಯರ್ ಮಾಡಿಸ್ಕೋಬಹುದಂತೆ' ಅಂದೆ. ಅವರು ಕೇಳಿದ್ದು ಒಂದೇ: 'ಅಳಿಸ್ತಾರೋ, ಷರಾ ಬರೀತಾರೋ?'

ಹಳೆ ಕೈಬರಹದ ಪಹಣಿ ನೋಡಿದವರಿಗೆ ಇದು ಗೊತ್ತು. ಹಳೆ ಹೆಸರನ್ನು ಯಾರೂ ಬ್ಲೇಡ್ ಹಾಕಿ ಕೆರೆಯೋದಿಲ್ಲ. ಸುತ್ತು ಹಾಕಿ, ಪಕ್ಕದಲ್ಲಿ ಮ್ಯುಟೇಷನ್ ನಂಬರ್ ಬರೆಯುತ್ತಾರೆ. ಆಗ ನನಗೆ ಅಪ್ಪನ ಪ್ರಶ್ನೆ ಹಳ್ಳಿ ಮಾತು ಅನ್ನಿಸಿತು. ಎಲ್ಲರೂ 'ಎಕ್ಸ್‌ಪಂಜ್ ಮಾಡಿಸ್ಕೋ' ಅನ್ನುತ್ತಿದ್ದರಲ್ಲ, ಅಂದ್ರೆ ಅಳಿಸಿದ ಹಾಗೇ ಅಂದುಕೊಂಡಿದ್ದೆ.

ನನ್ನಂಥ ಕೇಸಿಗೆ ಇರೋದು ಎರಡು ಮೆಟ್ಟಿಲು. ಮೊದಲನೆಯದು ಪೀನಲ್ ಕೋಡ್ 17(ಬಿ). ವಾಬ್ಲರ್ ಕೇಸಿನಲ್ಲಿ ಪ್ರೊಬೇಷನ್ ಸಿಕ್ಕಿದ್ದರೆ, ಫೆಲನಿಯನ್ನು ಮಿಸ್‌ಡಿಮೀನರ್‌ಗೆ ಇಳಿಸಿ ಅಂತ ಕೇಳಬಹುದು. ಎರಡನೆಯದು 1203.4. ಹಳೆ ತಪ್ಪೊಪ್ಪಿಗೆ ವಾಪಸ್ ಪಡೆದು, 'ನಾಟ್ ಗಿಲ್ಟಿ' ಅಂತ ಬರೆಸಿ, ಕೇಸು ವಜಾ ಮಾಡಿಸೋದು. ಎರಡನ್ನೂ ಒಂದೇ ಫಾರ್ಮಿನಲ್ಲಿ ಕೇಳಬಹುದು, ಸಿಆರ್-180. ಜಡ್ಜ್ ಸಹಿ ಹಾಕುವ ಆದೇಶದ ಫಾರ್ಮ್ ಸಿಆರ್-181, ಅದನ್ನೂ ತುಂಬಿ ಜೊತೆಗೆ ಕೊಟ್ಟೆ. ಸರ್ಕಾರಿ ವಕೀಲರಿಗೆ 15 ದಿನ ಮುಂಚೆ ನೋಟಿಸ್ ಹೋಗಬೇಕು. ಈಗ ಇದಕ್ಕೆ ಫೈಲಿಂಗ್ ಫೀ ಕೂಡ ಇಲ್ಲ. ವಕೀಲರಿಲ್ಲದೆ ಮಾಡಬಹುದಾದ ಕೆಲಸವೇ, ನಾನು ಹಾಗೇ ಮಾಡಿದೆ. ಮೊದಲ ಸಲ ಮಣ್ಣು ಮುಕ್ಕಿದ್ದೂ ಹಾಗೇ.

ಪ್ರೊಬೇಷನ್ ಸರಿಯಾಗಿ ಮುಗಿಸಿದವರಿಗೆ 1203.4 ಕೊಡಲೇಬೇಕು ಅಂತ ಓದಿದ್ದೆ. ಬಹಳಷ್ಟು ಕೇಸುಗಳಲ್ಲಿ ನಿಜ. ಆದರೆ ಕುಡಿದು ಓಡಿಸಿದ ಕೇಸು, ಗುದ್ದಿ ಓಡಿಹೋದ ಕೇಸು, ಇಂಥ ವೆಹಿಕಲ್ ಕೋಡ್ ಅಪರಾಧಗಳಿಗೆ ಆ ಮಾತು ಇಲ್ಲ. ಅಲ್ಲಿ ಕೊಡೋದು ಬಿಡೋದು ಜಡ್ಜ್ ವಿವೇಚನೆ. 17(ಬಿ) ಅಂತೂ ಯಾವಾಗಲೂ ವಿವೇಚನೆಯೇ. 2019ರಲ್ಲಿ ನಾನು ಬರೀ ಚೌಕಗಳಿಗೆ ಟಿಕ್ ಹಾಕಿದ ಎರಡು ಪುಟ ಕೊಟ್ಟಿದ್ದೆ. ಜಡ್ಜ್ ಮುಂದೆ ವಿವೇಚಿಸಲು ಏನೂ ಇರಲಿಲ್ಲ. ತಿರಸ್ಕಾರ. ಮತ್ತೆ ಹಾಕಲು ಅಡ್ಡಿಯಿಲ್ಲ ಅಂದದ್ದೇ ಪುಣ್ಯ.

ಆಮೇಲೆ ಹಳೆ ಕೇಸು ಕ್ಲಿಯರ್ ಮಾಡಿಸಲು ನೆರವಾಗುವ ಒಂದು ಕ್ಲೀನ್ ಸ್ಲೇಟ್ ಕ್ಲಿನಿಕ್‌ಗೆ ಹೋದೆ. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಡಿಫೆಂಡರ್ (ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳ ಪರ ವಾದಿಸುವವರು) ಕಚೇರಿಗಳು, ಕಾನೂನು ನೆರವು ಕೇಂದ್ರಗಳು ಇಂಥವನ್ನು ನಡೆಸುತ್ತವೆ. ಬರ್ಕ್ಲಿಯ ಈಸ್ಟ್ ಬೇ ಕಮ್ಯುನಿಟಿ ಲಾ ಸೆಂಟರ್ ಈ ಕೆಲಸಕ್ಕೆ ಹೆಸರಾದದ್ದು. ಕ್ಲಿನಿಕ್‌ನಲ್ಲಿ ಒಬ್ಬ ಲಾ ವಿದ್ಯಾರ್ಥಿನಿ ಜಡ್ಜ್‌ಗೆಂದು ನಾನು ಬರೆದಿದ್ದ ಹೇಳಿಕೆ ಓದಿದರು. 'ಡೀಪ್ ರಿಗ್ರೆಟ್' ಅನ್ನೋದು ನಾಲ್ಕು ಸಲ ಇತ್ತು. ಪೆನ್ಸಿಲ್‌ನಲ್ಲಿ ನಾಲ್ಕಕ್ಕೂ ಗೆರೆ ಎಳೆದು, 'ಅವತ್ತು ಏನಾಯಿತು ಅಂತ ಎಲ್ಲೂ ಇಲ್ವಲ್ಲ?' ಅಂದರು.

ಮನೆಗೆ ಬಂದು ಕನ್ನಡದಲ್ಲಿ ಬರೆಯಲು ಕೂತೆ. ಇಂಗ್ಲಿಷ್‌ನಲ್ಲಿ ನನಗೆ ಅಡಗಿಕೊಳ್ಳಲು ಜಾಗ ಜಾಸ್ತಿ. ಕನ್ನಡದಲ್ಲಿ ಮೊದಲ ಸಾಲು ತಾನಾಗೇ ಬಂತು: 'ಕುಡಿದಿದ್ದೆ, ಆದರೂ ಓಡಿಸಿದೆ. ಒಬ್ಬರ ಮೂಳೆ ಮುರಿಯಿತು.' ಆಮೇಲೆ ದಿನಾಂಕಗಳು. ಕೊನೆಯ ಸಲ ಕುಡಿದದ್ದು ಯಾವತ್ತು, ಕ್ಲಾಸು ಮುಗಿದದ್ದು ಯಾವತ್ತು, ಪರಿಹಾರದ ಕೊನೇ ಕಂತು ಯಾವ ತಿಂಗಳು, ಫೆಲನಿ ಅಂತ ನೋಡಿ ಯಾವ ಕೆಲಸಗಳು ಕೈತಪ್ಪಿದವು. ಅದನ್ನೇ ಇಂಗ್ಲಿಷ್‌ಗೆ ತಿರುಗಿಸಿದೆ. ಒಂದೂವರೆ ಪುಟ ಆಯಿತು. ಪರಿಹಾರದ ರಸೀದಿಗಳು, ಕ್ಲಾಸಿನ ಸರ್ಟಿಫಿಕೇಟ್, ಮ್ಯಾನೇಜರ್ ಕೊಟ್ಟ ಪತ್ರ ಲಗತ್ತಿಸಿದೆ.

ಅಷ್ಟರಲ್ಲಿ ಕೋವಿಡ್ ಬಂತು. ವಿಚಾರಣೆ ಆದದ್ದು 2021ರಲ್ಲಿ, ವಿಡಿಯೋದಲ್ಲಿ. ಜಡ್ಜ್ ಕೇಳಿದ್ದು ಒಂದೇ ಪ್ರಶ್ನೆ, ಇಂಟರ್‌ಲಾಕ್ ತೆಗೆದಮೇಲೆ ಏನಾದರೂ ಬದಲಾಯಿತಾ ಅಂತ. 'ಪಾರ್ಟಿಗೆ ಕಾರು ತಗೊಂಡು ಹೋಗೋದು ಬಿಟ್ಟೆ' ಅಂದೆ. ಸರ್ಕಾರಿ ವಕೀಲರು ತಕರಾರಿಲ್ಲ ಅಂದರು. ಫೆಲನಿ ಇಳಿಯಿತು, ಕೇಸು ವಜಾ. ಒಟ್ಟು ನಾಲ್ಕು ನಿಮಿಷ.

ಆದೇಶದ, ಕೋರ್ಟಿನ ಮುದ್ರೆ ಇರುವ ಪ್ರಮಾಣಿತ ಪ್ರತಿ ಮೂರು ತೆಗೆಸಿಕೊಂಡೆ. ಐದು ತೆಗೆಸಬೇಕಿತ್ತು. ಲೈವ್ ಸ್ಕ್ಯಾನ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ರಾಜ್ಯದ ನ್ಯಾಯ ಇಲಾಖೆಯಿಂದ ನನ್ನದೇ ರೆಕಾರ್ಡ್ ತರಿಸಿ ನೋಡಿದೆ. ಅರೆಸ್ಟ್ ಇತ್ತು. ಶಿಕ್ಷೆ ಇತ್ತು. ಅದರ ಕೆಳಗೆ ಒಂದು ಹೊಸ ಸಾಲು: 1203.4ರಡಿ ವಜಾ. ಅಪ್ಪನ ಷರಾ!

ಈ ಷರಾ ಯಾರಿಗೆ ಕಾಣುತ್ತದೆ, ಯಾರು ಅದಕ್ಕೆ ಬೆಲೆ ಕೊಡುತ್ತಾರೆ ಅನ್ನೋದೇ ಇಡೀ ಆಟ. ಕ್ಯಾಲಿಫೋರ್ನಿಯಾದ ಖಾಸಗಿ ಕಂಪನಿಗಳು ಹೀಗೆ ವಜಾ ಆದ ಶಿಕ್ಷೆಯ ಬಗ್ಗೆ ಸಾಮಾನ್ಯವಾಗಿ ಕೇಳುವ ಹಾಗಿಲ್ಲ. ಆದರೂ ಆ ವರ್ಷದ ಕೊನೆಗೆ ಒಂದು ಆಫರ್ ಬಂದಾಗ, ಹಿನ್ನೆಲೆ ತಪಾಸಣೆಯ ಸಂಸ್ಥೆಯೊಂದು ತನ್ನ ಹಳೆ ಡೇಟಾದಿಂದ 'ಫೆಲನಿ' ಅಂತಲೇ ವರದಿ ಕೊಟ್ಟಿತು. ಕಂಪನಿ ಆಫರ್ ವಾಪಸ್ ತಗೊಳ್ಳುವ ಮುಂಚೆ ಲಿಖಿತ ನೋಟಿಸ್ ಕೊಡಬೇಕು, ಉತ್ತರಿಸಲು ಕನಿಷ್ಠ ಐದು ಕೆಲಸದ ದಿನ ಬಿಡಬೇಕು. ಇದು 2018ರಿಂದ ಜಾರಿಯಲ್ಲಿರುವ ಫೇರ್ ಚಾನ್ಸ್ ಕಾನೂನು. ಕಂಪನಿಗೊಂದು ಪ್ರತಿ, ತಪಾಸಣೆ ಸಂಸ್ಥೆಗೊಂದು ಪ್ರತಿ ಕಳಿಸಿದೆ. ಮೂರನೇ ವಾರಕ್ಕೆ ವರದಿ ತಿದ್ದಿದರು. ಅದಕ್ಕೇ ಐದು ಪ್ರತಿ ಅಂದದ್ದು.

ಡಿಎಂವಿಗೆ, ಅಂದ್ರೆ ಅಲ್ಲಿನ ಆರ್‌ಟಿಒಗೆ, ಷರಾ ಲೆಕ್ಕಕ್ಕಿಲ್ಲ. ಅಲ್ಲಿ ಹತ್ತು ವರ್ಷ ಹಾಗೇ ಇರುತ್ತದೆ. ಅಷ್ಟರೊಳಗೆ ಇನ್ನೊಮ್ಮೆ ಕುಡಿದು ಸಿಕ್ಕಿಬಿದ್ದರೆ, ವಜಾ ಆದ ಕೇಸೂ ಎದ್ದು ಬಂದು ಎರಡನೇ ಅಪರಾಧ ಆಗುತ್ತದೆ. ಸರ್ಕಾರಿ ಲೈಸೆನ್ಸ್ ಬೇಕಿರುವ ಕೆಲಸಕ್ಕೆ ನೇರವಾಗಿ ಕೇಳಿದರೆ ಹೇಳಲೇಬೇಕು.

ಇನ್ನು ಇಮಿಗ್ರೇಷನ್. ನಾನು ಆಗ ಗ್ರೀನ್ ಕಾರ್ಡ್‌ನವನು, ಇದನ್ನು ಓದುವ ಬಹಳ ಜನರಿಗೆ ಮುಖ್ಯವಾದದ್ದು ಇದೇ ಇರಬೇಕು. 1996ರ ಫೆಡರಲ್ ಕಾನೂನಿನ ಪ್ರಕಾರ ತಪ್ಪೊಪ್ಪಿಗೆ ಇದ್ದು ಒಂದಿಷ್ಟು ಶಿಕ್ಷೆ ಆಗಿದ್ದರೆ ಅದು ಕನ್ವಿಕ್ಷನ್ನೇ, ಅಂದ್ರೆ ಅಪರಾಧ ಸಾಬೀತಾದ ಹಾಗೇ. ನಡತೆ ಸುಧಾರಿಸಿತು ಅಂತ ರಾಜ್ಯದ ಕೋರ್ಟು ಆಮೇಲೆ ವಜಾ ಮಾಡಿದ್ದನ್ನು ಇಮಿಗ್ರೇಷನ್‌ನವರು ಒಪ್ಪೋದಿಲ್ಲ. ನಾನು ಗಡೀಪಾರಿನ ಸುಳಿಗೆ ಸಿಗದಿದ್ದದ್ದು 1203.4ರಿಂದ ಅಲ್ಲವೇ ಅಲ್ಲ. ಕುಡಿದು ಓಡಿಸಿ ಗಾಯ ಮಾಡೋದು 'ಹಿಂಸಾತ್ಮಕ ಅಪರಾಧ' ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2004ರಲ್ಲೇ ಒಂದು ಕೇಸಿನಲ್ಲಿ ಹೇಳಿತ್ತು, ನನಗೆ ಆದ ಜೈಲೂ ವರ್ಷಕ್ಕಿಂತ ಕಡಿಮೆ.

ಕಳ್ಳತನ, ಡ್ರಗ್ಸ್, ಹೆಂಡತಿ ಮೇಲೆ ಕೈ ಮಾಡಿದ ಕೇಸು ಇದ್ದವರ ಕಥೆ ಪೂರ್ತಿ ಬೇರೆ. ಅವರು ಸಿಆರ್-180 ಹಾಕಿ ನಿಶ್ಚಿಂತೆಯಿಂದ ಊರಿಗೆ ಟಿಕೆಟ್ ತೆಗೆಯಬಾರದು, ಮೊದಲು ಇಮಿಗ್ರೇಷನ್ ವಕೀಲರನ್ನು ನೋಡಬೇಕು. ಅಂಥವರಿಗೆ 2017ರಿಂದ 1473.7 ಅನ್ನೋ ದಾರಿ ಇದೆ. ತಪ್ಪೊಪ್ಪಿಕೊಳ್ಳುವಾಗ ಗಡೀಪಾರಿನ ಅಪಾಯ ನನಗೆ ಅರ್ಥವೇ ಆಗಿರಲಿಲ್ಲ ಅಂತ ತೋರಿಸಿಕೊಟ್ಟರೆ ಶಿಕ್ಷೆಯೇ ರದ್ದಾಗಬಹುದು. ಇದು ಷರಾ ಅಲ್ಲ, ಮೂಲ ಪತ್ರವೇ ದೋಷದ್ದು ಅನ್ನೋ ವಾದ. ಹಾಗಾಗಿ ಇಮಿಗ್ರೇಷನ್‌ನವರೂ ಇದಕ್ಕೆ ಬೆಲೆ ಕೊಡುತ್ತಾರೆ. ಇದನ್ನು ಮಾತ್ರ ಸ್ವಂತವಾಗಿ ಮಾಡಲು ಹೋಗಬೇಡಿ.

ರಾಜ್ಯದ ಜೈಲಿಗೆ ಹೋಗಿ ಬಂದವರಿಗೂ 2023ರಿಂದ 1203.41 ಅನ್ನೋ ಇಂಥದ್ದೇ ವಜಾ ದಾರಿ ಸಾಕಷ್ಟು ತೆರೆದಿದೆ. ಅದಿಲ್ಲದಿದ್ದರೆ ಸುಧಾರಿಸಿದ್ದಾರೆ ಅಂತ ಕೋರ್ಟು ಕೊಡುವ ಪುನರ್ವಸತಿ ಸರ್ಟಿಫಿಕೇಟ್ ಮತ್ತು ಗವರ್ನರ್ ಕ್ಷಮೆ. ಫೆಡರಲ್ ಕೋರ್ಟಿನ ಶಿಕ್ಷೆಗೆ ಈ ಯಾವ ಫಾರ್ಮೂ ನಡೆಯೋದಿಲ್ಲ.

2022ರಲ್ಲಿ ಪೌರತ್ವಕ್ಕೆ ಎನ್-400 ತುಂಬುವಾಗ ಮೂವರು ಗೆಳೆಯರು, 'ವಜಾ ಆಗಿದೆಯಲ್ಲ, ಅರೆಸ್ಟ್ ಪ್ರಶ್ನೆಗೆ ನೋ ಅಂತ ಹಾಕು' ಅಂದರು. ಹಾಕಿದ್ದರೆ ಮುಗಿದೇ ಹೋಗುತ್ತಿತ್ತು. ಬೆರಳಚ್ಚು ಅವರ ಹತ್ತಿರ ಇದ್ದೇ ಇದೆ, ಕೇಸಿಗಿಂತ ಆ ಸುಳ್ಳೇ ದೊಡ್ಡದಾಗುತ್ತಿತ್ತು. ಎಸ್ ಅಂತ ಹಾಕಿ ಎಲ್ಲ ಕಾಗದ ಜೋಡಿಸಿದೆ. ಇಂಟರ್‌ವ್ಯೂನಲ್ಲಿ ಅಧಿಕಾರಿ ಹತ್ತು ನಿಮಿಷ ಆ ರಾತ್ರಿಯ ಬಗ್ಗೆಯೇ ಕೇಳಿದರು. ಅಪಘಾತಕ್ಕೆ ಐದು ವರ್ಷ ಮೀರಿತ್ತು, ಪ್ರೊಬೇಷನ್ ಮುಗಿದಿತ್ತು. ಪಾಸಾಯಿತು.

ಪ್ರಮಾಣವಚನದ ದಿನ ಬಾಗಿಲಲ್ಲಿ ಇನ್ನೊಂದು ಫಾರ್ಮ್, ಎನ್-445. ಇಂಟರ್‌ವ್ಯೂ ಆದಮೇಲೆ ಅರೆಸ್ಟ್, ದಂಡ, ಟ್ರಾಫಿಕ್ ಕೇಸು ಏನಾದರೂ ಆಗಿದೆಯಾ ಅಂತ. ಎರಡು ವಾರದ ಹಿಂದೆ, ಒಬ್ಬರಿಗಿಂತ ಹೆಚ್ಚು ಜನರಿರುವ ಕಾರಿಗೆ ಮೀಸಲಾದ ಕಾರ್‌ಪೂಲ್ ಲೇನ್‌ನಲ್ಲಿ ಒಬ್ಬನೇ ಹೋಗಿ ಸಿಕ್ಕಿಬಿದ್ದಿದ್ದೆ! ಎಸ್ ಅಂತ ಟಿಕ್ ಹಾಕಿದೆ. ಮೇಜಿನ ಹಿಂದಿದ್ದವರು ಕನ್ನಡಕ ಇಳಿಸಿ ನೋಡಿದರು. ಫೈನ್ ಕಟ್ಟಿದ ರಸೀದಿ ಫೋಲ್ಡರ್‌ನಲ್ಲೇ ಇತ್ತು, ಎರಡು ಪ್ರತಿ.